ಇಂಜಿನ್ ಯಾಗಪ್ಪ ಗಣಿಗಿಳಿದ ದಿನ

ಹೊನ್ನಗುಂಡಿಯ ಚಿನ್ನದ ಗಣಿಯ ಪಡುವಣ ಅಂಚಿನಲ್ಲಿ, ಅದಿರು ಅರೆದು ಬಿಸುಟ ಬೂದುಬಣ್ಣದ ದಿಬ್ಬಗಳು ಮುಗಿಯುವಲ್ಲಿ, ತಗಡಿನ ಒಂದು ಪುಟ್ಟ ಕ್ರೈಸ್ತ ದೇವಾಲಯವಿತ್ತು. ಗಣಿಯವರು ಬೇಡವೆಂದು ಎಸೆದ ತಗಡುಗಳನ್ನೇ ಹೊಂದಿಸಿ ಕಟ್ಟಿದ್ದು. ಅದರ ಬೆನ್ನಿಗೆ ಅಂಟಿಕೊಂಡ ಒಂದೇ ಕೋಣೆಯಲ್ಲಿ ಪೂಜ್ಯ ಬೆನೆದಿಕ್ತ ಸ್ವಾಮಿಗಳು ಹತ್ತೊಂಬತ್ತು ವರ್ಷ ಬಾಳಿದರು. ಅವರು ಬಂದದ್ದು ನಮ್ಮ ನಾಡಿಗೆ ಇನ್ನೂ ಮೈಸೂರು ರಾಜ್ಯವೆಂಬ ಹೆಸರಿದ್ದ ಕಾಲದಲ್ಲಿ. ಸ್ವಾಮಿಗಳು ಕಾವೇರಿ ಸೀಮೆಯಿಂದ ಈ ಬಿಸಿಲುನಾಡಿಗೆ ಬಂದವರು. ಬರುವಾಗ ಒಂದು ತಗಡಿನ ಪೆಟ್ಟಿಗೆ ತಂದಿದ್ದರು. ಕಡೆಗೆ ಉಳಿದದ್ದೂ ಅದೇ ಪೆಟ್ಟಿಗೆ.

ಬೆನೆದಿಕ್ತ ಎಂಬ ಹೆಸರು ಗಣಿಯ ಕೆಲಸಗಾರರ ನಾಲಿಗೆಗೆ ಒಗ್ಗಲಿಲ್ಲ. ಮುದಗಲ್ಲಿನ ಕಡೆಯಿಂದ ಬಂದು ನೆಲೆಸಿದ್ದ ನಲವತ್ತು ಕ್ರೈಸ್ತ ಮನೆಗಳವರನ್ನು ಬಿಟ್ಟರೆ ಉಳಿದವರೆಲ್ಲರಿಗೂ ಅವರು ಬೆನಕಪ್ಪಸ್ವಾಮಿ. ಹಾಗೆ ಕರೆದರೂ ಓಗೊಡುತ್ತಿದ್ದರು. ಒಮ್ಮೆ ಯಾರೋ ಗಣೇಶನ ಹಬ್ಬದ ದಿನ ಅವರಿಗೆ ಕಡುಬು ತಂದುಕೊಟ್ಟು, "ನಿಮ್ಮ ಹೆಸರಿನ ಹಬ್ಬರೀ ಸ್ವಾಮಿ" ಅಂದಾಗ, ನಕ್ಕು ತಿಂದರಂತೆ.

ಬೆಳಗಿನ ಪೂಜೆ ಮುಗಿದ ಮೇಲೆ ಸ್ವಾಮಿಗಳು ಹೊರಗಿನ ಕಟ್ಟೆಯ ಮೇಲೆ ಕುಳಿತು ಗಣಿ ಕೆಲಸಗಾರರ ರಬ್ಬರ್ ಬೂಟುಗಳಿಗೆ ತೇಪೆ ಹಚ್ಚುತ್ತಿದ್ದರು. ನೆಲದಡಿಯ ನೀರಿನಲ್ಲಿ ನಿಂತು ಕೆಲಸ ಮಾಡುವವರಿಗೆ ಬೂಟು ಸೋರಿದರೆ ಕಾಲು ಕೊಳೆಯುತ್ತದೆ. ಹಳೆಯ ಸೈಕಲ್ ಟ್ಯೂಬು, ಒಂದು ಡಬ್ಬಿ ಸೊಲ್ಯೂಷನ್, ಒಂದು ಕತ್ತರಿ, ಇಷ್ಟೇ ಅವರ ಅಂಗಡಿ. ಎಡಗಣ್ಣಿಗೆ ಪೂರ್ತಿ ಪೊರೆ ಬಂದಿತ್ತು, ಬಲಗಣ್ಣೂ ಮಸುಕಾಗುತ್ತಿತ್ತು. ತೂತು ಎಲ್ಲಿದೆಯೆಂದು ಬೆರಳಿನಿಂದ ತಡವಿಯೇ ತಿಳಿಯುತ್ತಿದ್ದರು. ಮಾತು ಬಹಳ ಕಡಮೆ.

ಒಂದು ಮಧ್ಯಾಹ್ನ ಆ ಕಟ್ಟೆಯ ಬಳಿಗೆ ಯಾಗಪ್ಪ ಬಂದು ನಿಂತ.

ಹೊನ್ನಗುಂಡಿಯಲ್ಲಿ ಇಂಜಿನ್ ಯಾಗಪ್ಪನೆಂದರೆ ಗೊತ್ತಿಲ್ಲದವರಿರಲಿಲ್ಲ. ಗಣಿಯ ಮೂರನೇ ಬಾವಿಯ ಇಂಜಿನ್ ಮನೆಯಲ್ಲಿ ಇಪ್ಪತ್ತೆರಡು ವರ್ಷ ಚಾಲಕನಾಗಿದ್ದವನು. ಬಾವಿಯೆಂದರೆ ನೀರಿನ ಬಾವಿಯಲ್ಲ. ನೆಟ್ಟಗೆ ಎರಡು ಸಾವಿರ ಅಡಿ ಕೆಳಗಿಳಿಯುವ ಗಣಿಯ ಬಾಯಿ. ಅದರೊಳಗೆ ಉಕ್ಕಿನ ಹಗ್ಗಕ್ಕೆ ಒಂದು ಕಬ್ಬಿಣದ ಪಂಜರ ತೂಗುತ್ತದೆ. ಕೆಲಸಗಾರರು ಅದಕ್ಕೆ ಕೇಜು ಅನ್ನುತ್ತಾರೆ. ದಿನವೂ ನಾನೂರು ಜನ ಅದರಲ್ಲಿ ಇಳಿಯುತ್ತಾರೆ, ಅದರಲ್ಲೇ ಮೇಲೆ ಬರುತ್ತಾರೆ. ಆ ಹಗ್ಗವನ್ನು ಬಿಡುವ, ಎಳೆಯುವ ಇಂಜಿನ್ನು ಬಾವಿಯಿಂದ ನೂರು ಹೆಜ್ಜೆ ದೂರದ ಇನ್ನೊಂದು ಕಟ್ಟಡದಲ್ಲಿರುತ್ತದೆ. ಚಾಲಕನಿಗೆ ಕೇಜು ಕಾಣದು, ಕೇಜಿನಲ್ಲಿರುವವರಿಗೆ ಚಾಲಕ ಕಾಣನು. ನಡುವೆ ಇರುವುದು ಗಂಟೆಯ ಸದ್ದೊಂದೇ. ಒಂದು ಸಲ ಬಾರಿಸಿದರೆ ನಿಲ್ಲಿಸು, ಎರಡು ಸಲಕ್ಕೆ ಇಳಿಸು; ಅದಕ್ಕೂ ಮೊದಲು ಮೂರು ಸಲ ಬಾರಿಸಿದರೆ, ಒಳಗಿರುವುದು ಕಲ್ಲಲ್ಲ, ಮನುಷ್ಯರು, ಜೋಕೆ.

ಯಾಗಪ್ಪ ಕೇಜು ಇಳಿಸಿದರೆ ಒಳಗಿಟ್ಟ ಲೋಟದ ನೀರು ತುಳುಕುವುದಿಲ್ಲ ಎಂಬ ಮಾತಿತ್ತು. ಅವನಿಗೂ ಅದರ ಹೆಮ್ಮೆಯಿತ್ತು. ಆದರೆ ಅವನೊಳಗಿನ ಒಂದು ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಸಾವಿರಾರು ಜನರನ್ನು ಇಳಿಸಿದ ಅವನು ತಾನು ಒಂದೇ ಒಂದು ದಿನವೂ ಆ ಬಾವಿಗೆ ಇಳಿದವನಲ್ಲ. ಅವನಿಗೆ ಹದಿನಾಲ್ಕು ತುಂಬುವ ಮೊದಲೇ ಅಪ್ಪ ಚಿನ್ನಪ್ಪ ಅದರೊಳಗೆ ಸತ್ತಿದ್ದ. ಅಂದಿನಿಂದ ಆ ಬಾಯಿಯ ಹತ್ತಿರ ಹೋದರೆ ಸಾಕು, ಅವನ ಅಂಗಾಲು ತಣ್ಣಗಾಗುತ್ತಿತ್ತು. ಇಂಜಿನ್ ಮನೆಯ ಕೆಲಸವನ್ನು ಅವನು ಅದಕ್ಕಾಗಿಯೇ ಹಿಡಿದದ್ದು. ಹಿಡಿಕೆ ತನ್ನ ಕೈಯಲ್ಲಿದ್ದರೆ ತನಗೇನೂ ಆಗದು ಎಂದು ಅವನ ಮನಸ್ಸು ಲೆಕ್ಕ ಹಾಕಿಕೊಂಡಿತ್ತು.

ಆ ಲೆಕ್ಕ ಹಿಂದಿನ ಶ್ರಾವಣದಲ್ಲಿ ತಪ್ಪಿತು. ಆಳದಲ್ಲಿ ಬಂಡೆ ತನ್ನ ಮೇಲಿನ ಭಾರ ತಾಳಲಾರದೆ ಒಮ್ಮೊಮ್ಮೆ ಸಿಡಿಯುತ್ತದೆ. ಹಾಗೆ ಸಿಡಿದ ಒಂದು ದಿನ, ಬೆಳಗ್ಗೆ ಆರಕ್ಕೆ ತಾನೇ ಇಳಿಸಿದ್ದ ಐವರನ್ನು ಯಾಗಪ್ಪ ಮಧ್ಯಾಹ್ನ ತಾನೇ ಮೇಲೆತ್ತಿದ. ಐವರೂ ಬಟ್ಟೆ ಸುತ್ತಿಕೊಂಡು ಬಂದರು. ಅವನ ಕೈ ಅಂದು ನಡುಗಲಿಲ್ಲ. ಎರಡು ತಿಂಗಳು ಏನೂ ಆಗಲಿಲ್ಲ. ಮೂರನೇ ತಿಂಗಳು, ಒಂದು ಭಾನುವಾರ, ತುಂಬಿದ ದೇವಾಲಯದಲ್ಲಿ ಪೂಜೆಯ ನಡುವೆ ಅವನ ಎದೆ ಇದ್ದಕ್ಕಿದ್ದಂತೆ ಡವಡವ ಹೊಡೆದುಕೊಳ್ಳತೊಡಗಿತು. ಉಸಿರು ಗಂಟಲಲ್ಲೇ ನಿಂತಿತು. ಬೆರಳುಗಳು ಮರಗಟ್ಟಿದವು. ಜೀವ ಹೋಗುತ್ತಿದೆ ಎಂದುಕೊಂಡು, ಮುಂದಿದ್ದವರನ್ನು ತಳ್ಳಿಕೊಂಡು ಹೊರಗೋಡಿ, ದಿಬ್ಬದ ಮೇಲೆ ಕವುಚಿ ಬಿದ್ದ.

ಮನೆಯವರು ರಾಯಚೂರಿಗೆ ಕರೆದೊಯ್ದು ದೊಡ್ಡ ಡಾಕ್ಟರರಿಗೆ ತೋರಿಸಿದರು. "ನಿನ್ನ ಗುಂಡಿಗೆ ಕುದುರೆ ಗುಂಡಿಗೆ. ಇದು ಹೆದರಿಕೆ, ಅಷ್ಟೇ" ಎಂದು ಕಳಿಸಿದರು. ಆ 'ಅಷ್ಟೇ' ಎಂಬುದು ಅವನಿಗೆ ರೋಗಕ್ಕಿಂತ ಹೆಚ್ಚು ಚುಚ್ಚಿತು. ಮತ್ತೆ ಬಂತು, ಸಂತೆಯಲ್ಲಿ. ಮತ್ತೆ ಬಂತು, ಬಚ್ಚಲಲ್ಲಿ. ಆಗ ಯಾಗಪ್ಪ ತಾನಾಗಿಯೇ ಮ್ಯಾನೇಜರರ ಮುಂದೆ ಹೋಗಿ ನಿಂತು, "ನನ್ನ ಕೈ ನಾನೇ ನಂಬೂದಿಲ್ರಿ. ಮಂದಿ ಹ್ಯಾಂಗ ನಂಬಬೇಕು? ನನ್ನನ್ನ ಈ ಕೆಲಸದಿಂದ ಇಳಿಸಿಬಿಡ್ರಿ" ಎಂದ. ಅವನನ್ನು ಉಗ್ರಾಣಕ್ಕೆ ಹಾಕಿದರು. ಹಗ್ಗಕ್ಕೆ ಗ್ರೀಸು ಅಳೆದುಕೊಡುವ ಕೆಲಸ. ಇಂಜಿನ್ನಿಗೆ ಮೌನೇಶನೆಂಬ ಇಪ್ಪತ್ತೆಂಟು ವರ್ಷದವನು ಬಂದ. ಯಾಗಪ್ಪನಿಂದಲೇ ಕೆಲಸ ಕಲಿತವನು. ಆದರೂ ಅವನು ಬ್ರೇಕು ಹಿಡಿದ ಸದ್ದು ಕೇಳಿದಾಗಲೆಲ್ಲ ಯಾಗಪ್ಪ ಉಗ್ರಾಣದಲ್ಲಿ ಹಲ್ಲು ಕಚ್ಚುತ್ತಿದ್ದ. ದೇವಾಲಯದ ಕಡೆಗೆ ಕಾಲಿಡುವುದನ್ನಂತೂ ಬಿಟ್ಟೇಬಿಟ್ಟ. ಅವನ ಹೆಂಡತಿ ಸವೇರಮ್ಮ ಅತ್ತೂ ಕರೆದೂ ಸಾಕಾಗಿ, "ಪೂಜಿಗಿ ಬ್ಯಾಡ, ಸ್ವಾಮಿಗಳ ಹತ್ರಾದರೂ ಹೋಗಿ ಬಾ" ಎಂದು ಆ ದಿನ ಕಳಿಸಿದ್ದಳು.

ಅವನು ಬಂದವನೇ ಕುಳಿತುಕೊಳ್ಳಲೂ ಇಲ್ಲ. "ಸ್ವಾಮಿ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಹೆದರಿಕಿ ನನಗ ಮೊದಲು ಬಂದದ್ದು ದೇವರ ಮನಿಯಾಗ, ಪೂಜಿ ನಡುವ. ಅಲ್ಲೇ ಬರೂದಾದ್ರ, ದೇವರು ಇದ್ದು ಏನು ಮಾಡಿದಂಗಾತು?"

ಸ್ವಾಮಿಗಳು ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟರು. ಸಿಟ್ಟಾಗಲಿಲ್ಲ. ಅವನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿ ಕೇಳಿದರು.

"ಯಾಗಪ್ಪ, ನೀನು ಆ ಬಾವಿಗೆ ಎಂದಾದರೂ ಇಳಿದಿದ್ದೀಯಾ?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಎಲ್ಲರೂ ಅವನು ಇಳಿದಿರುತ್ತಾನೆ ಎಂದೇ ತಿಳಿದಿದ್ದರು. ಯಾಗಪ್ಪನ ಮುಖಕ್ಕೆ ರಕ್ತ ನುಗ್ಗಿತು.

"ಇಲ್ರಿ."

"ಇಳಿಯುವವರಿಗೆ ನಿನ್ನ ಮುಖ ಕಾಣುತ್ತಿತ್ತಾ?"

"ಹ್ಯಾಂಗ ಕಾಣ್ತೈತ್ರಿ? ಇಂಜಿನ್ ಮನಿ ಅಷ್ಟು ದೂರ ಐತಿ."

"ಆದರೂ ಇಳಿಯುತ್ತಿದ್ದರು."

ಯಾಗಪ್ಪ ಮೂರನೇ ಬಾವಿಯ ಕಡೆಗೆ ತಿರುಗಿ ನೋಡಿದ.

"ನೀನು ಬರೀ ಇಂಜಿನ್ ಮನೆಯಲ್ಲಿ ಮಾತ್ರ ಹಿಡಿಕೆ ಹಿಡಿದಿರಲಿಲ್ಲಪ್ಪ. ಮನೆಯಲ್ಲೂ ಹಿಡಿದಿದ್ದೆ, ದೇವಾಲಯದಲ್ಲೂ ಹಿಡಿದೇ ಕೂತಿದ್ದೆ. ಕೈ ಸೋತಿದೆ ನಿನಗೆ. ಎಂದಾದರೊಂದು ದಿನ ಬಿಟ್ಟು, ಕೇಜಿನೊಳಗೆ ನಿಲ್ಲಬೇಕಾಗ್ತದೆ." ಇಷ್ಟು ಹೇಳಿ ಸ್ವಾಮಿಗಳು ಬೂಟನ್ನು ಮತ್ತೆ ಕೈಗೆತ್ತಿಕೊಂಡರು.

ಮದ್ದು ಕೇಳಲು ಹೋದರೆ ಒಗಟು ಕೊಟ್ಟರಲ್ಲ ಎಂದು ಯಾಗಪ್ಪ ಗೊಣಗಿಕೊಂಡು ಮನೆಗೆ ಬಂದ. ಸವೇರಮ್ಮ ಏನಂದರೆಂದು ಕೇಳಿದಳು. "ಏನಿಲ್ಲ, ಬೂಟು ಹೊಲೀತಾರ" ಎಂದ. ಆದರೆ ಆ ಮಾತು ಅವನೊಳಗೆ ಹೊಕ್ಕ ಮುಳ್ಳಿನ ಹಾಗೆ ಉಳಿದುಹೋಯಿತು.

ಅದಾದ ಹನ್ನೊಂದನೇ ದಿನ, ಗುರುವಾರ, ಬೆಳಗಿನ ಹತ್ತು ಗಂಟೆಗೆ ಹೊನ್ನಗುಂಡಿಯ ನೆಲ ನಡುಗಿತು. ಹಲಗೆಯ ಮೇಲಿನ ಪಾತ್ರೆಗಳು ಉರುಳಿದವು. ಗಣಿಯ ಊರಿನಲ್ಲಿ ಇದರ ಅರ್ಥವನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಹೆಂಗಸರು ಒಲೆಯ ಮೇಲಿನದನ್ನು ಒಲೆಯ ಮೇಲೆಯೇ ಬಿಟ್ಟು ಬಾವಿಯ ಕಡೆಗೆ ಓಡಿದರು. ಯಾಗಪ್ಪನೂ ಉಗ್ರಾಣದ ಬಾಗಿಲು ತೆರೆದಿಟ್ಟೇ ಓಡಿದ.

ಕೇಜು ಇಳಿಯಿತು, ಏರಿತು, ಮತ್ತೆ ಇಳಿಯಿತು. ಪ್ರತಿ ಸಲ ಏರಿ ಬಂದಾಗಲೂ ಬಾಗಿಲು ತೆರೆದು ಧೂಳು ಮೆತ್ತಿದ ಮುಖಗಳು ಹೊರಬಂದವು. ಪ್ರತಿ ಮುಖಕ್ಕೂ ಗುಂಪಿನಲ್ಲಿ ಒಂದು ಹೆಣ್ಣುದನಿ ಚೀರಿ ಅತ್ತಿತು. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಸಿಕ್ಕಿತು. ದೇವರ ದಯೆ, ಸತ್ತವರಿಲ್ಲ. ಎಲ್ಲರೂ ಬಂದರು, ಒಬ್ಬನ ಹೊರತು. ಹದಿನಾಲ್ಕನೇ ಲೆವೆಲ್ಲಿನಲ್ಲಿ, ಅಂದರೆ ಬಾವಿಯ ತಳದಿಂದ ಒಂದು ಅಂತಸ್ತು ಮೇಲೆ, ಸುರಂಗಕ್ಕೆ ತೊಲೆ ಕೊಡುವ ದುರುಗಪ್ಪನೆಂಬ ಮರಗೆಲಸದವನ ಕಾಲು ಬಂಡೆಯಡಿ ಸಿಕ್ಕಿಕೊಂಡಿತ್ತು. ಗಣಿಯ ಡಾಕ್ಟರ್ ಹವಾಲ್ದಾರರೂ ನಾಲ್ವರು ರಕ್ಷಣೆಯವರೂ ಅವನ ಬಳಿ ಇದ್ದರು. ಕೆಳಗಿನಿಂದ ಬಂದ ಒಬ್ಬ ಮೇಸ್ತ್ರಿ ಮ್ಯಾನೇಜರರಿಗೆ ಹೇಳುವುದನ್ನು ಯಾಗಪ್ಪ ಕೇಳಿಸಿಕೊಂಡ.

"ಜಾಕ್ ಹಾಕಿ ಬಂಡಿಗಲ್ಲು ಎತ್ತಬಹುದ್ರಿ ಸಾಹೇಬ್ರ. ಆದ್ರ ಅಂವ ಹುಚ್ಚು ಹಿಡಿದಂಗ ಒದ್ದಾಡ್ತಾನ. ಒದ್ದಾಡಿದಾಗೊಮ್ಮೆ ಮ್ಯಾಲಿನ ಕಲ್ಲು ಉದುರ್ತಾವ. ಕಾಲು ತಾಸು ಅಲುಗಾಡದೆ ಇದ್ರ ಉಳೀತಾನ. ಇಲ್ಲಾಂದ್ರ ಅವನ ಜೊತಿಗೆ ಉಳಿದ ಐದೂ ಮಂದಿ ಹೋಗ್ತಾರ. ಡಾಕ್ಟರ್ ಸೂಜಿ ಹಾಕಾಕ ನೋಡಿದ್ರು, ಕೈ ಸಿಗವಲ್ದು. ಬೆನಕಪ್ಪಸ್ವಾಮಿನ ಕರೀರಿ, ಬೆನಕಪ್ಪಸ್ವಾಮಿನ ಕರೀರಿ ಅಂತ ಒಂದಾ ಸವನ ಒದರ್ತಾನ."

ಕರೆಯುವ ಅಗತ್ಯವಿರಲಿಲ್ಲ. ಸ್ವಾಮಿಗಳು ಆಗಲೇ ಗುಂಪಿನಲ್ಲಿದ್ದರು. ಬಿಳಿಯ ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು. ಮ್ಯಾನೇಜರರು ಅವರ ವಯಸ್ಸನ್ನೂ ಕಣ್ಣನ್ನೂ ನೋಡಿ ಹಿಂಜರಿದರು. "ಕೇಜಿನಿಂದ ಆಚೆಗೆ ಮುನ್ನೂರು ಹೆಜ್ಜೆ ನಡೆಯಬೇಕು ಸ್ವಾಮಿ. ನಿಮ್ಮನ್ನು ಹಿಡಿದುಕೊಳ್ಳೋಕೆ ಒಬ್ಬರು ಬೇಕು."

ಕೂಡಲೇ ಇಬ್ಬರು ಮೂವರು ಮುಂದೆ ಬಂದರು, ಆಗಷ್ಟೇ ಮೇಲೆ ಬಂದವರು, ಇನ್ನೂ ಕೆಮ್ಮುತ್ತಿದ್ದವರು. ಸ್ವಾಮಿಗಳು ಕೈಯೆತ್ತಿ ಅವರನ್ನು ತಡೆದರು. ಆಮೇಲೆ ಆ ಕೈಯನ್ನು ಗುಂಪಿನ ಕಡೆಗೆ ಚಾಚಿ, "ಯಾಗಪ್ಪ ಇಲ್ಲೇ ಇದ್ದಾನೆ ಅಲ್ವೇ? ಬಾ ಯಾಗಪ್ಪ" ಎಂದರು.

ಜನ ದಾರಿ ಬಿಟ್ಟರು. ದಾರಿ ಬಿಟ್ಟ ಮೇಲೆ ನಿಂತಲ್ಲೇ ನಿಲ್ಲುವುದು ಸಾಧ್ಯವಿರಲಿಲ್ಲ. ಯಾಗಪ್ಪ ನಾಲ್ಕು ಹೆಜ್ಜೆ ನಡೆದು ಸ್ವಾಮಿಗಳ ಹತ್ತಿರ ಬಂದ. ಬಾವಿಯ ಬಾಯಿಯಿಂದ ಮೇಲೇರುವ ಬಿಸಿಗಾಳಿ ಮುಖಕ್ಕೆ ಬಡಿಯಿತು. ಸ್ವಾಮಿಗಳ ಕಿವಿಗೆ ಬಾಗಿ, ಬೇರೆ ಯಾರಿಗೂ ಕೇಳದಂತೆ ಹೇಳಿದ.

"ನನ್ನಿಂದ ಆಗಲ್ರಿ ಸ್ವಾಮಿ. ನಾನು ಅರ್ಧ ದಾರಿಯಾಗ ಸಾಯ್ತೀನಿ. ಕಾಲಿಗಿ ಬೀಳ್ತೀನಿ, ಬ್ಯಾರೆ ಯಾರನ್ನರ ಕರಕೊಂಡು ಹೋಗ್ರಿ."

ಸ್ವಾಮಿಗಳು ತಮ್ಮ ಬಲಗೈಯನ್ನು ಅವನ ಅಂಗೈಯಲ್ಲಿಟ್ಟರು. ಆ ಕೈ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು.

"ನೋಡು" ಎಂದರು ಸ್ವಾಮಿಗಳು ಅಷ್ಟೇ ಮೆಲ್ಲಗೆ. "ನನಗೂ ಹೆದರಿಕೆಯಪ್ಪ. ಹೆದರಿಕೆ ಹೋಗಲಿ ಅಂತ ಕಾಯ್ತಾ ಕೂತರೆ ಆ ಮನುಷ್ಯ ಉಳಿಯೋದಿಲ್ಲ. ಹೆದರಿಕೊಂಡೇ ಹೋಗೋಣ. ಇಳಿಸುವಾತ ನಮ್ಮಿಬ್ಬರನ್ನೂ ಬಲ್ಲ."

ಇಳಿಸುವಾತ ಎಂದರೆ ಮೌನೇಶನೋ ದೇವರೋ ಎಂದು ಯಾಗಪ್ಪ ಕೇಳಲಿಲ್ಲ. ಹಿಡಿದ ಕೈಯನ್ನು ಬಿಡಲು ಮನಸ್ಸು ಬರಲಿಲ್ಲ. ಅವನು ನೆಲ ಬಿಟ್ಟು ಕೇಜಿನೊಳಗೆ ಕಾಲಿಟ್ಟ.

ಬಾಗಿಲು ಕಣಕಣ ಮುಚ್ಚಿಕೊಂಡಿತು. ಗಂಟೆ ಬಾರಿಸಿತು. ಮೂರು. ಆಮೇಲೆ ಎರಡು. ಆ ಗಂಟೆಯನ್ನು ಯಾಗಪ್ಪ ಅದೆಷ್ಟು ಸಾವಿರ ಸಲ ಕೇಳಿದ್ದನೋ. ಈ ಮಗ್ಗುಲಿನಿಂದ ಕೇಳಿದ್ದು ಅದೇ ಮೊದಲು. ಕಾಲಡಿಯ ಹಲಗೆ ಸರಿದುಹೋದಂತಾಯಿತು. ಹಗಲು ಒಂದು ಬಿಳಿಯ ಚೌಕವಾಗಿ, ರೂಪಾಯಿಯಗಲವಾಗಿ, ಇಲ್ಲವಾಯಿತು.

ಮೊದಲು ಬಂದದ್ದು ಸಿಟ್ಟು. ಮೌನೇಶ ಬೇಗ ಬಿಡುತ್ತಿದ್ದಾನೆ, ಈಗ ಬ್ರೇಕು ತಾಗಿಸಬೇಕು, ಇನ್ನೂ ತಾಗಿಸಲಿಲ್ಲ, ಎಂದು ಅವನ ಮನಸ್ಸು ಅರಚಿತು. ಅವನ ಬಲಗೈ ತಾನಾಗಿ ಮುಂದೆ ಚಾಚಿ, ಇಲ್ಲದ ಹಿಡಿಕೆಯನ್ನು ಹುಡುಕಿತು. ಗಾಳಿ ಸಿಕ್ಕಿತು. ಅದರ ಬೆನ್ನಿಗೇ ಆ ಹೆದರಿಕೆ ಬಂತು. ಎದೆ ಒಡೆಯುವಂತೆ ಹೊಡೆದುಕೊಂಡಿತು. ಉಸಿರು ಸಿಗಲಿಲ್ಲ. ಬೆರಳು ಮರಗಟ್ಟಿತು, ತುಟಿ ಜುಮ್ಮೆಂದಿತು, ಕಿವಿಯಲ್ಲಿ ಹೊಳೆ ಮೊರೆಯಿತು. ಓಡಿಹೋಗಲು ದಿಬ್ಬವಿಲ್ಲ, ಬಾಗಿಲಿಲ್ಲ, ಬಯಲಿಲ್ಲ. ಆರು ಅಡಿಯ ಪಂಜರ, ಕತ್ತಲು, ತಲೆಯ ಮೇಲೆ ಒಂದೇ ಒಂದು ಹಗ್ಗ.

"ಸ್ವಾಮೀ" ಎಂದ. ಅದಕ್ಕಿಂತ ಹೆಚ್ಚು ಬರಲಿಲ್ಲ.

ಸ್ವಾಮಿಗಳು ಅವನ ಆ ಖಾಲಿ ಕೈಯನ್ನು ಹುಡುಕಿ ಹಿಡಿದುಕೊಂಡರು. ಧೈರ್ಯ ಹೇಳಲಿಲ್ಲ, ಹೆದರಬೇಡ ಅನ್ನಲಿಲ್ಲ. "ನನ್ನ ಜೊತೆ ಹೇಳು" ಎಂದು, ಮಗುವಿಗೆ ಹೇಳಿಕೊಡುವಂತೆ ಹೇಳಿದರು. "ಯೇಸುವೇ, ನಾನು ನಿಮ್ಮ ಕೈಯಲ್ಲಿದ್ದೇನೆ."

"ಯೇಸುವೇ..." ಉಸಿರು ಸಾಲಲಿಲ್ಲ.

"ಮತ್ತೆ."

"ಯೇಸುವೇ, ನಾನು..."

"ಮತ್ತೆ."

ಅವನು ಹೇಳಿದ. ನಂಬಿಕೆಯಿಂದ ಹೇಳಿದನೋ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಹೇಳಿದನೋ, ಅದು ಅವನಿಗೇ ಗೊತ್ತಿರಲಿಲ್ಲ. ಲೆವೆಲ್ಲುಗಳ ದೀಪಗಳು ಒಂದೊಂದಾಗಿ ಕೆಳಗಿನಿಂದ ಮೇಲಕ್ಕೆ ಹಾರಿಹೋದವು. ಹತ್ತನೇ ಲೆವೆಲ್ಲಿನ ಹತ್ತಿರ ಅದು ಉಕ್ಕಿ ಉಕ್ಕಿ ತುದಿ ಮುಟ್ಟಿತು. ಇನ್ನು ನಾನಿಲ್ಲ ಎಂದುಕೊಂಡ. ಕಣ್ಣು ಮುಚ್ಚಿ, ಇರುವ ಬಲವನ್ನೆಲ್ಲ ಬಿಟ್ಟು, ಆ ಮಾತನ್ನು ಪೂರ್ತಿಯಾಗಿ ಹೇಳಿದ. "ಯೇಸುವೇ, ನಾನು ನಿಮ್ಮ ಕೈಯಲ್ಲಿದ್ದೇನೆ. ಏನಾರ ಮಾಡ್ರಿ." ಕೊನೆಯದು ಅವನದೇ ಮಾತು.

ಅವನು ಸಾಯಲಿಲ್ಲ. ಅದು ಬಂದಿತ್ತು, ತನ್ನಿಂದಾದದ್ದನ್ನೆಲ್ಲ ಮಾಡಿತ್ತು. ಈಗ ತೆರೆ ದಂಡೆಯಿಂದ ಹಿಂದೆ ಸರಿಯುವಂತೆ ಸರಿಯುತ್ತಿತ್ತು. ಅವನು ಇದ್ದ. ಕಾಲಡಿಯಲ್ಲಿ ಹಲಗೆ ಇತ್ತು. ಕೈಯಲ್ಲಿ ಇನ್ನೊಂದು ನಡುಗುವ ಕೈ ಇತ್ತು. ಕೇಜು ಯಾವಾಗ ನಿಂತಿತೆಂದೇ ಅವನಿಗೆ ತಿಳಿಯಲಿಲ್ಲ, ಅಷ್ಟು ಮೆತ್ತಗೆ ನಿಂತಿತ್ತು. ಆ ಮೌನೇಶನಿಗೆ ತಾನು ಒಂದು ದಿನವೂ ಒಳ್ಳೆಯ ಮಾತಾಡಿರಲಿಲ್ಲವಲ್ಲ ಎಂಬ ನೆನಪು ಆ ಹೊತ್ತಿನಲ್ಲಿ ಅವನಿಗೆ ಬಂದದ್ದು ವಿಚಿತ್ರ.

ಒಲೆಯೊಳಗಿನಂಥ ಸೆಕೆ. ಗೋಡೆಗಳಿಂದ ನೀರು ಜಿನುಗುತ್ತಿತ್ತು. ಸ್ವಾಮಿಗಳು ಅವನ ಹೆಗಲ ಮೇಲೆ ಕೈಯಿಟ್ಟರು. ಯಾಗಪ್ಪ ಮುಂದೆ, ಸ್ವಾಮಿಗಳು ಹಿಂದೆ. "ಇಲ್ಲಿ ಬಗ್ಗಬೇಕ್ರಿ. ಇಲ್ಲಿ ಹಳಿ ಐತ್ರಿ, ಕಾಲು ಎತ್ತಿಡ್ರಿ." ಹೀಗೆ ಹೇಳುತ್ತ ಹೇಳುತ್ತ ಮುನ್ನೂರು ಹೆಜ್ಜೆ ನಡೆದ. ಇನ್ನೊಬ್ಬರ ಕಾಲನ್ನು ಕಾಯುತ್ತಿದ್ದುದರಿಂದ ತನ್ನ ಕಾಲು ನಡುಗುವುದನ್ನು ನೋಡಿಕೊಳ್ಳಲು ಅವನಿಗೆ ಪುರಸೊತ್ತಾಗಲಿಲ್ಲ.

ದುರುಗಪ್ಪನ ಕೂಗು ದೂರದಿಂದಲೇ ಕೇಳಿಸಿತು. ಮೊಣಕಾಲಿನ ಕೆಳಗೆ ಬಂಡೆ ಕುಳಿತಿತ್ತು. ಕಣ್ಣು ಮೇಲೆ ಸಿಕ್ಕಿಕೊಂಡು ಬಿಳಿ ಮಾತ್ರ ಕಾಣುತ್ತಿತ್ತು. ಇಬ್ಬರು ಹಿಡಿದರೂ ಮೈಯನ್ನು ಬಿಲ್ಲಿನಂತೆ ಎತ್ತಿ ಎತ್ತಿ ಬಡಿಯುತ್ತಿದ್ದ. ಬಡಿದಾಗೊಮ್ಮೆ ಮೇಲಿನ ಮರದ ತೊಲೆ ಕಿರುಗುಟ್ಟಿ, ಹಿಡಿಯಷ್ಟು ಕಲ್ಲುಪುಡಿ ಸುರಿಯುತ್ತಿತ್ತು. ಡಾಕ್ಟರ್ ಹವಾಲ್ದಾರರು ಬೆವರಿನಲ್ಲಿ ತೊಯ್ದುಹೋಗಿದ್ದರು. "ಸ್ವಾಮಿ, ಅವನನ್ನು ಸುಮ್ಮನಾಗಿಸಿ. ಏನಾದರೂ ಹೇಳಿ."

ಸ್ವಾಮಿಗಳು ಕೆಸರಿನಲ್ಲಿ ಮಂಡಿಯೂರಿ ದುರುಗಪ್ಪನ ತಲೆಯ ಮೇಲೆ ಕೈಯಿಟ್ಟರು. "ಬಂದಿದ್ದೀನಿ ದುರುಗಪ್ಪ" ಎಂದರು. ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಸ್ವಾಮಿಗಳು ಯಾಗಪ್ಪನತ್ತ ಮುಖ ತಿರುಗಿಸಿದರು. ಎಲ್ಲರೂ ಅವರು ಜಪ ಶುರು ಮಾಡುತ್ತಾರೆಂದು ಕಾಯುತ್ತಿದ್ದರು.

"ಯಾಗಪ್ಪ, ಇವನು ಈಗ ಇರೋ ಜಾಗ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನೀನೇ ಮಾತಾಡು."

ಯಾಗಪ್ಪ ದುರುಗಪ್ಪನ ಮುಖ ನೋಡಿದ. ಹೌದು, ಅವನಿಗೆ ಗೊತ್ತಿತ್ತು. ದಿಬ್ಬದ ಮೇಲೆ ಕವುಚಿ ಬಿದ್ದಾಗ ತನ್ನ ಮುಖ ಹೀಗೆಯೇ ಇದ್ದಿರಬೇಕು. ಅವನು ಕೆಸರಿನಲ್ಲಿ ದುರುಗಪ್ಪನ ಪಕ್ಕಕ್ಕೆ, ಕಿವಿಗೆ ಬಾಯಿ ಬರುವಂತೆ ಮಲಗಿಕೊಂಡ. ಎರಡೂ ಕೈಗಳಿಂದ ಅವನ ಕೆನ್ನೆಗಳನ್ನು ಹಿಡಿದ.

"ದುರುಗಪ್ಪ, ಕೇಳು. ಎದಿ ಒಡದು ಹೊಂಟೈತಿ, ಹೌದಿಲ್ಲೋ? ಉಸಿರು ಹತ್ತವಲ್ದು. ಬೆರಳು ಜೋಮು ಹಿಡಿದಾವ. ಈಗ ಸಾಯ್ತೀನಿ, ಈಗ ಸಾಯ್ತೀನಿ ಅನಸ್ತೈತಿ."

ದುರುಗಪ್ಪನ ಕಣ್ಣು ಕೆಳಗಿಳಿದು ಅವನನ್ನು ಹುಡುಕಿತು. ತನ್ನೊಳಗೆ ಆಗುತ್ತಿರುವುದನ್ನು ಹೊರಗಿನವನೊಬ್ಬ ಹೇಳುವುದು ಕೇಳಿ ಅವನು ಒಂದು ಕ್ಷಣ ಬೆರಗಾದ.

"ಅದರಿಂದ ಸಾಯೂದಿಲ್ಲ. ಅದು ಬರ್ತೈತಿ, ತುದಿಗಿ ಹೋಗ್ತೈತಿ, ಇಳೀತೈತಿ. ಖರೆ ಹೇಳ್ತೀನಿ, ಈಗ ಹತ್ತನೇ ಲೆವೆಲ್ಲಿನಾಗ ನಾನಾ ಸತ್ತೆ ಅಂದುಕೊಂಡಿದ್ದೆ. ನೋಡು, ನಿನ್ನ ಮಗ್ಗುಲಾಗ ಮಲಗೀನಿ."

"ಯಾ... ಯಾರು?"

"ನಾನು ಯಾಗಪ್ಪ. ಇಂಜಿನ್ ಯಾಗಪ್ಪ."

ದುರುಗಪ್ಪ ಅವನನ್ನೇ ನೋಡಿದ. "ನೀನೇನು? ಹದಿನೈದು ವರ್ಷ ನನ್ನ ಇಳಿಸಿದಾವ ನೀನೇನು?"

"ನಾನಾ. ಒಂದಿನಾರ ಎತ್ತದ ಬಿಟ್ಟೀನೇನು ನಿನ್ನ?"

"ಇಲ್ಲ."

"ಹಂಗಾರ ಈಗ ನಾನು ಹೇಳಿದಂಗ ಕೇಳು. ಕಾಲು ಡಾಕ್ಟರಿಗಿ ಬಿಡು. ಬಂಡಿಗಲ್ಲು ಅವರಿಗಿ ಬಿಡು. ನೀನು ನನ್ನ ಕೈ ಹಿಡಕೊ. ಉಸಿರು ಬಿಡು. ಬಿಡು, ಎಳಕೋಬ್ಯಾಡ. ಮೊದಲು ಬಿಡು."

ರಕ್ಷಣೆಯವರು ಜಾಕನ್ನು ಬಂಡೆಯಡಿ ತಳ್ಳಿದರು. ಡಾಕ್ಟರರಿಗೆ ತೋಳು ಸಿಕ್ಕಿತು, ಸೂಜಿ ಹಾಕಿದರು. ಒಂದು ದೀಪ ಸಾಲದಾಗಿತ್ತು; ಸ್ವಾಮಿಗಳು ಇನ್ನೊಂದನ್ನು ಎರಡೂ ಕೈಯಿಂದ ಎತ್ತಿ ಹಿಡಿದು ನಿಂತರು. ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಎಪ್ಪತ್ತೊಂದು ವರ್ಷದ ಆ ಕೈಗಳಲ್ಲಿ ಬೆಳಕು ನಡುಗುತ್ತಿತ್ತು, ಗೋಡೆಯ ಮೇಲೆ ಎಲ್ಲರ ನೆರಳೂ ನಡುಗುತ್ತಿತ್ತು. ಆದರೆ ಆ ದೀಪ ಒಮ್ಮೆಯೂ ಕೆಳಗೆ ಬರಲಿಲ್ಲ.

ಎರಡು ಸಲ ದುರುಗಪ್ಪನ ಮೈ ಮತ್ತೆ ಬಿಗಿಯಿತು. ಎರಡು ಸಲವೂ ಯಾಗಪ್ಪ, "ಬಂತು ನೋಡು, ಬರಲಿ. ನಾ ಇದೀನಿ, ಸ್ವಾಮಿಗಳು ಅದಾರ, ಮ್ಯಾಲೆ ಅಂವ ಅದಾನ. ಹೋಗ್ತೈತಿ" ಎಂದ. ಹೋಯಿತು. ಇಪ್ಪತ್ತು ನಿಮಿಷದ ಮೇಲೆ ಬಂಡೆ ಒಂದು ಗೇಣು ಎದ್ದಿತು, ಅವನನ್ನು ಎಳೆದುಕೊಂಡರು. ಎಂಟು ಜನರೂ ತಿರುವಿನ ಆಚೆ ಬಂದ ಮೇಲೆ ಹಿಂದೆ ತೊಲೆ ಮುರಿದು ಚಾವಣಿ ಕುಸಿದ ಸದ್ದು ಕೇಳಿಸಿತು. ಸ್ಟ್ರೆಚರ್ ಹೊತ್ತಿದ್ದವರು ನಿಲ್ಲಲಿಲ್ಲ. ಸ್ವಾಮಿಗಳು ಮಾತ್ರ ಹಿಂದಿರುಗಿ ನೋಡಿ ಶಿಲುಬೆಯ ಗುರುತು ಹಾಕಿಕೊಂಡರು.

ಮೇಲೆ ಹಗಲಿತ್ತು. ದುರುಗಪ್ಪನ ಹೆಂಡತಿ ಸ್ವಾಮಿಗಳ ಕಾಲು ಹಿಡಿಯಲು ಬಗ್ಗಿದಾಗ ಅವರು ಹಿಂದೆ ಸರಿದು, ಯಾಗಪ್ಪನನ್ನೂ ಡಾಕ್ಟರರನ್ನೂ ತೋರಿಸಿದರು. ಯಾಗಪ್ಪ ಯಾರೊಡನೆಯೂ ಮಾತಾಡದೆ ನೆಟ್ಟಗೆ ಇಂಜಿನ್ ಮನೆಗೆ ನಡೆದ. ಮೌನೇಶ ಅವನನ್ನು ಕಂಡು, ಏನು ತಪ್ಪಾಯಿತೋ ಎಂದು ಕುರ್ಚಿಯಿಂದ ಎದ್ದು ನಿಂತ. ಯಾಗಪ್ಪ ಅವನ ಎರಡೂ ಕೈಗಳನ್ನು ತೆಗೆದುಕೊಂಡು ತನ್ನ ಕಣ್ಣಿಗೊತ್ತಿಕೊಂಡ. "ಚಲೋ ಇಳಿಸಿದೆಪ್ಪ" ಎಂದ. ಮೌನೇಶ ಅಂದು ಮನೆಗೆ ಹೋಗಿ ಇದನ್ನು ಹೇಳಿಕೊಂಡು ಅತ್ತನಂತೆ.

ದುರುಗಪ್ಪನ ಪಾದ ಉಳಿಯಲಿಲ್ಲ. ಜೀವ ಉಳಿಯಿತು. ಆಮೇಲೆ ಅವನು ಗಣಿಯ ಕಾಲೋನಿಯಲ್ಲಿ ಮರದ ಆಟಿಕೆ ಮಾಡಿಕೊಂಡು ಬಹಳ ವರ್ಷ ಬಾಳಿದ.

ಮರುದಿನ ಬೆಳಗಿನ ಪೂಜೆಗೆ ಯಾಗಪ್ಪ ಸವೇರಮ್ಮನೊಂದಿಗೆ ಬಂದ. ಪೂಜೆ ಮುಗಿದು ಜನ ಹೋದ ಮೇಲೆ ಸ್ವಾಮಿಗಳ ಮುಂದೆ ಮಂಡಿಯೂರಿ ಪಾಪನಿವೇದನೆ ಮಾಡಿದ. ಅದರಲ್ಲಿ ಹೇಳಿದ್ದು ಅವನಿಗೂ ದೇವರಿಗೂ ಬಿಟ್ಟದ್ದು. ಎದ್ದ ಮೇಲೆ ಅವನು ಹೇಳಿದ ಮಾತನ್ನು ಮಾತ್ರ ಸವೇರಮ್ಮ ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದಳು. ನಮಗೆ ಈ ಪ್ರಸಂಗ ದಕ್ಕಿದ್ದೂ ಆಕೆಯ ಬಾಯಿಂದಲೇ.

"ಸ್ವಾಮಿ, ನನ್ನ ರೋಗಕ್ಕ ಮದ್ದು ಮಾಡಬೇಕಂತ ನೀವು ನನ್ನ ಕರಕೊಂಡು ಹೋದಿರಿ. ಹೆದರಿದಂಗ ನಟನಾ ಮಾಡಿದಿರಿ. ನನಗ ಈಗ ತಿಳೀತ್ರಿ."

ಸ್ವಾಮಿಗಳು ತಲೆಯಾಡಿಸಿದರು. ಪೂಜೆಯ ಪಾತ್ರೆಯನ್ನು ಬಟ್ಟೆಯಿಂದ ಮುಚ್ಚುತ್ತಿದ್ದ ಕೈ ನಿಂತಿತು.

"ಇಲ್ಲಪ್ಪ. ಇಲ್ಲಿ ನಿಂತು ಸುಳ್ಳು ಹೇಳೋದಿಲ್ಲ. ನನಗೆ ಕತ್ತಲು ಅಂದರೆ ಚಿಕ್ಕಂದಿನಿಂದ ಆಗೋದಿಲ್ಲ. ಕಣ್ಣು ಮಂಜಾದ ಮೇಲಂತೂ ದಿನಾ ಅದೇ ಹೆದರಿಕೆ. ಬಾವಿಯ ಬಾಯಿಗೆ ಬಂದಾಗ ಒಬ್ಬನೇ ಇಳಿಯೋ ಧೈರ್ಯ ನನಗೆ ಇರಲಿಲ್ಲ. ದೇವರೇ, ನನ್ನಂಥವನನ್ನೇ ಒಬ್ಬನನ್ನು ಜೊತೆಗೆ ಕೊಡು ಅಂತ ಕೇಳಿದೆ. ನಿನ್ನ ಹೆಸರು ಬಾಯಿಗೆ ಬಂತು."

ಧೈರ್ಯವಂತರನ್ನು ಮಾತ್ರ ದೇವರು ಕರೆಯುತ್ತಾನೆಂದು ಯಾಗಪ್ಪ ಅಂದುಕೊಂಡಿದ್ದ. ತನ್ನ ಹೆದರಿಕೆಯ ಕಾರಣಕ್ಕೇ ದೇವರಿಗೆ ತಾನು ಬೇಕಾಗಿದ್ದೆನೆಂಬುದು ಅವನ ತಲೆಗೆ ಮೆಲ್ಲಮೆಲ್ಲನೆ ಇಳಿಯಿತು. ಇಳಿದ ಮೇಲೆ ಕಣ್ಣೀರನ್ನು ಒರೆಸಿಕೊಳ್ಳದೆ, "ಇನ್ನೊಮ್ಮೆ ಇಳಿಯೂದಿದ್ರ ಹೇಳಿ ಕಳಸ್ರಿ. ಬರ್ತೀನಿ" ಎಂದ.

ಸ್ವಾಮಿಗಳು ಹೇಳಿ ಕಳಿಸಿದರು. ಮುಂದಿನ ತಿಂಗಳ ಮೊದಲ ಶುಕ್ರವಾರ ಅವರು ಮ್ಯಾನೇಜರರ ಅಪ್ಪಣೆ ಪಡೆದು, ನೆಲದಡಿಯಲ್ಲಿ ಕೆಲಸ ಮಾಡುವವರನ್ನು ಅವರು ಇರುವಲ್ಲಿಯೇ ಕಂಡು ಹರಸಲು ಹೊರಟರು. ಅಂದಿನಿಂದ ಒಂಬತ್ತು ವರ್ಷ, ತಿಂಗಳಿಗೊಮ್ಮೆ, ಇಬ್ಬರೂ ಇಳಿದರು. ಯಾಗಪ್ಪನಿಗೆ ಆ ಹೆದರಿಕೆ ಆಮೇಲೂ ಆಗೊಮ್ಮೆ ಈಗೊಮ್ಮೆ ಬಂತು. ಆದರೆ ಅದು ಅವನನ್ನು ಆಳಲಿಲ್ಲ. ಡಾಕ್ಟರರು ಆರು ತಿಂಗಳು ನೋಡಿ ಸರಿಯೆಂದ ಮೇಲೆ ಅವನು ಇಂಜಿನ್ ಮನೆಗೆ ಮರಳಿದ. ಮೌನೇಶನ ಪಾಳಿ ಒಂದು, ಅವನ ಪಾಳಿ ಒಂದು.

ಹತ್ತನೇ ವರ್ಷ, ಈಸ್ಟರಿಗೆ ಮುಂಚಿನ ಉಪವಾಸಕಾಲದಲ್ಲಿ ಬೆನೆದಿಕ್ತ ಸ್ವಾಮಿಗಳು ಹಾಸಿಗೆ ಹಿಡಿದರು. ಆ ಹೊತ್ತಿಗೆ ಎರಡು ಕಣ್ಣುಗಳೂ ಹೋಗಿದ್ದವು. ಕಡೆಯ ಮಧ್ಯಾಹ್ನ ಅವರ ಕೈ ಮತ್ತೆ ನಡುಗಿತು. ಯಾಗಪ್ಪ ಮಂಚದ ಬಳಿ ಕುಳಿತು ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಅವರು ಕೇಳುವ ಮೊದಲೇ, "ನಾನು ಇಲ್ಲೇ ಅದೀನ್ರಿ ಸ್ವಾಮಿ. ಹೆದರಿಕೊಂಡೇ ಹೋಗ್ರಿ, ಆಸರಾ ಕೊಡಾವ ಅಲ್ಲಿ ನಿಂತಾನ" ಎಂದನು. ಸ್ವಾಮಿಗಳ ಮುಖದಲ್ಲಿ ನಗು ಮೂಡಿತು. ಕೈ ನಿಧಾನವಾಗಿ ಸ್ಥಿರವಾಯಿತು. ದೇವಾಲಯದ ಹೊರಗೆ ಊರಿಗೆ ಊರೇ ಕಾದು ನಿಂತಿತ್ತು, ಜಪಸರ ಹಿಡಿದವರೂ ವಿಭೂತಿ ಹಚ್ಚಿದವರೂ ಟೋಪಿ ಹಾಕಿದವರೂ. ಅವರ ಮುಂದೆ ಬಂದು ಸ್ವಾಮಿಗಳು ಹೋದ ಸುದ್ದಿ ಹೇಳಿದವನು ಯಾಗಪ್ಪನೇ. ಅವನ ದನಿ ಗಟ್ಟಿಯಾಗಿತ್ತು.